ಚಿಮ್ನಿ ಎಳೆದ ಗಾಳಿ ಹೋಗೋದೆಲ್ಲಿಗೆ?

(ಈ ವಾರದ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಶುರು ಮಾಡೋಕೆ ಮುಂಚೆ ಈ ಸದ್ದು ಒಂದ್ಸಲ ಕೇಳಿ.

(ಮೋಟಾರಿನ ಗುಂಯ್ ಸದ್ದು)

ಗೊತ್ತಾಯ್ತಲ್ಲ? ಅಡುಗೆಮನೆ ಚಿಮ್ನಿ. ಉತ್ತರ ಕರ್ನಾಟಕದ ಕಡೆಯವರಿಗೆ ಚಿಮಣಿ ಅಂದ್ರೆ ಮೊದಲು ನೆನಪಾಗೋದು ಸೀಮೆಎಣ್ಣೆ ದೀಪ, ಅದಕ್ಕೆ ಹಾಕೋ ಎಣ್ಣೆ ಚಿಮಣಿ ಎಣ್ಣಿ. ಇವತ್ತು ನಾನು ಹೇಳ್ತಿರೋದು ಆ ಚಿಮಣಿ ಅಲ್ಲ. ಸ್ಟೌ ಮೇಲೆ ನೇತಾಡ್ಕೊಂಡು ಒಗ್ಗರಣೆ ಹೊಗೆ ಎಳೆಯುತ್ತಲ್ಲ, ಅದು.

ನಮ್ಮ ಬಾಡಿಗೆ ಮನೆಯಲ್ಲಿ ಈ ಸದ್ದು ಎರಡು ವರ್ಷದಿಂದ ದಿನಾ ಬರ್ತಾ ಇತ್ತು. ಸದ್ದು ಬರ್ತಿದೆ ಅಂದ್ರೆ ಹೊಗೆ ಹೊರಗೆ ಹೋಗ್ತಿದೆ ಅಂತ ನಾನು ನಂಬಿದ್ದೆ. ಅದು ಸುಳ್ಳು ಅಂತ ಗೊತ್ತಾಗಿದ್ದು ಕಳೆದ ಡಿಸೆಂಬರ್‌ನಲ್ಲಿ.

ಊರಿಂದ ಅಮ್ಮ ಬಂದಿದ್ರು. ಬೆಂಗಳೂರಿನ ಚಳಿ, ಜೊತೆಗೆ ಸೊಳ್ಳೆ. ಕಿಟಕಿ ಎಲ್ಲ ಹಾಕಿದ್ವಿ. ಬೆಳಗ್ಗೆ ಏಳೂವರೆ ಇರಬೇಕು. ನಾನು ಸ್ನಾನಕ್ಕೆ ಹೋಗಿದ್ದೆ, ಅಮ್ಮ ಹುಳಿಪುಡಿಗೆ ಅಂತ ಮೆಣಸಿನಕಾಯಿ ಹುರೀತಾ ಇದ್ರು. ಘಾಟು ಮನೆ ತುಂಬಬಾರದು ಅಂತ ಚಿಮ್ನಿ ಮೂರನೇ ಸ್ಪೀಡ್‌ನಲ್ಲಿತ್ತು. ತಲೆಸ್ನಾನ, ಹಾಗಾಗಿ ಗೀಸರ್ ಇಪ್ಪತ್ತು ನಿಮಿಷ ಓಡಿದೆ. ಹೊರಗೆ ಬಂದು ನೋಡಿದ್ರೆ ಅಮ್ಮ ಅಡುಗೆಮನೆ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಾರೆ.

"ಏನಾಯ್ತಮ್ಮ?"

"ಏನಿಲ್ಲ ಕಣೇ. ತಲೆ ಸಿಡೀತಾ ಇದೆ. ಹೊಟ್ಟೆ ತೊಳಸ್ತಾ ಇದೆ. ಘಾಟಿಗೇ ಇರಬೇಕು."

ಐವತ್ತು ವರ್ಷ ಮೆಣಸಿನಕಾಯಿ ಹುರಿದವರಿಗೆ ಘಾಟಿಗೆ ಕೆಮ್ಮು ಬರುತ್ತೆ, ಸೀನು ಬರುತ್ತೆ. ಕಾಲು ಬತ್ತಿ ಹೋದಂಗೆ ಕೂತ್ಕೊಳ್ಳಲ್ಲ. ಸ್ಟೌ ಆರಿಸಿ ಅವರನ್ನ ಬಾಲ್ಕನಿಗೆ ಕರ್ಕೊಂಡು ಹೋಗಿ ಕೂರಿಸಿದೆ. ಕೋವಿಡ್ ಕಾಲದಲ್ಲಿ ತಗೊಂಡಿದ್ದ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದೆ. 98 ತೋರಿಸ್ತು. ಸರಿ, ಏನೂ ಇಲ್ಲ ಅಂತ ಸಮಾಧಾನ ಆಯ್ತು. ಆ ಸಮಾಧಾನ ಎಷ್ಟು ಅಪಾಯದ್ದು ಅನ್ನೋದು ಆಮೇಲೆ ಗೊತ್ತಾಯ್ತು. ಹತ್ತಿರದ ಕ್ಲಿನಿಕ್‌ನ ಡಾಕ್ಟರ್ ನಾಡಿ ಹಿಡಿಯೋಕೆ ಮುಂಚೆ ಕೇಳಿದ ಮೊದಲ ಪ್ರಶ್ನೆ: "ಮನೇಲಿ ಗ್ಯಾಸ್ ಗೀಸರ್ ಇದೆಯಾ?"

ಇತ್ತು. ಯುಟಿಲಿಟಿಯಲ್ಲಿ.

ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಬೆರಳಿಗೆ ಹಾಕೋ ಮಾಮೂಲಿ ಆಕ್ಸಿಮೀಟರ್‌ಗೆ ಹಿಮೋಗ್ಲೋಬಿನ್ ಹೊತ್ತಿರೋದು ಆಮ್ಲಜನಕವೋ ಈ ವಿಷವೋ ಅನ್ನೋ ವ್ಯತ್ಯಾಸ ಗೊತ್ತಾಗಲ್ಲ. ಅದಕ್ಕೇ 98. ನಿಜವಾದ ಲೆಕ್ಕ ಸಿಗೋದು ಆಸ್ಪತ್ರೆಯಲ್ಲಿ ಮಾಡೋ ರಕ್ತ ಪರೀಕ್ಷೆಯಲ್ಲಿ. ಅಮ್ಮನಿಗೆ ಆಸ್ಪತ್ರೆಯಲ್ಲಿ ಅರ್ಧ ದಿನ ಆಮ್ಲಜನಕ ಕೊಟ್ಟರು, ಸಂಜೆಗೆ ಮನೆಗೆ ಬಂದರು. ಈಗ ಚೆನ್ನಾಗಿದ್ದಾರೆ.

ಅಲ್ಲಾ, ಗೀಸರ್ ಇರೋದು ಯುಟಿಲಿಟಿಯಲ್ಲಿ, ಅಮ್ಮ ಇದ್ದದ್ದು ಅಡುಗೆಮನೆಯಲ್ಲಿ, ತಲೆ ಮೇಲೆ ಚಿಮ್ನಿ ಬೇರೆ ಗಾಳಿ ಎಳೀತಾ ಇದೆ. ಹಾಗಿದ್ರೂ ವಿಷ ಅಮ್ಮನ ಮೂಗಿಗೆ ಹೇಗೆ ಬಂತು? ಇದು ಗೊತ್ತಾಗಬೇಕು ಅಂದ್ರೆ ಚಿಮ್ನಿ ನಿಜವಾಗ್ಲೂ ಏನು ಮಾಡುತ್ತೆ ಅಂತ ನೋಡಬೇಕು.

ಅಂಗಡಿಯಲ್ಲಿ ಚಿಮ್ನಿ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರ್ತಾರೆ, ಗಂಟೆಗೆ 1200 ಘನ ಮೀಟರ್, 1400 ಘನ ಮೀಟರ್ ಅಂತ. ಅಂದ್ರೆ ಎಷ್ಟು? ನಮ್ಮ ಅಡುಗೆಮನೆ 8 ಅಡಿಗೆ 10 ಅಡಿ, ಎತ್ತರ ಒಂಬತ್ತೂವರೆ ಅಡಿ. ಅದರೊಳಗಿರೋ ಗಾಳಿ ಹೆಚ್ಚೂ ಕಡಿಮೆ 21 ಘನ ಮೀಟರ್. 1200ರ ಚಿಮ್ನಿ ನಿಮಿಷಕ್ಕೆ 20 ಘನ ಮೀಟರ್ ಎಳೆಯುತ್ತೆ. ಹತ್ತಿರ ಹತ್ತಿರ ನಿಮಿಷಕ್ಕೊಂದು ಸಲ ಇಡೀ ಅಡುಗೆಮನೆಯ ಗಾಳಿ ಖಾಲಿ! ಇದು ಕಾಗದದ ಮೇಲಿನ ಲೆಕ್ಕ, ಪೈಪ್ ಸಿಕ್ಕಿಸಿದ ಮೇಲೆ ಅಷ್ಟು ಬರಲ್ಲ. ಅರ್ಧ ಅಂತಲೇ ಇಟ್ಕೊಳ್ಳಿ. ಎರಡು ನಿಮಿಷಕ್ಕೊಂದು ಸಲ.

ಅಷ್ಟು ಗಾಳಿ ಹೊರಗೆ ಹೋದ್ರೆ ಅಷ್ಟೇ ಗಾಳಿ ಒಳಗೆ ಬರಲೇಬೇಕು. ಕೋಣೆ ಬಲೂನ್ ಅಲ್ಲ, ಕುಗ್ಗಲ್ಲ. ಕಿಟಕಿ ತೆಗೆದಿದ್ರೆ ಕಿಟಕಿಯಿಂದ ಬರುತ್ತೆ. ಹಾಕಿದ್ರೆ ಎಲ್ಲಿ ಸಂದು ಸಿಗುತ್ತೋ ಅಲ್ಲಿಂದ: ಬಾಗಿಲ ಕೆಳಗಿನಿಂದ, ಬಚ್ಚಲುಮನೆಯಿಂದ, ಸಿಂಕ್ ಪೈಪಿನ ಪಕ್ಕದ ತೂತಿನಿಂದ, ಯುಟಿಲಿಟಿಯಿಂದ. ಅಲ್ಲಿ ಏನಿದೆಯೋ ಅದನ್ನೂ ಹೊತ್ಕೊಂಡೇ ಬರುತ್ತೆ.

ಇನ್ನು ನಮ್ಮ ಚಿಮ್ನಿಯ ಪೈಪ್. ಅದರ ಇನ್ನೊಂದು ತುದಿಯನ್ನ ನಾನು ಎರಡು ವರ್ಷದಲ್ಲಿ ಒಂದ್ಸಲವೂ ನೋಡಿರಲಿಲ್ಲ. ಅವತ್ತು ಸಂಜೆ ಸ್ಟೂಲ್ ಹತ್ತಿ ನೋಡಿದೆ. ಪೈಪ್ ಗೋಡೆ ದಾಟಿ ಹೋಗಿ ಬಾಯಿ ಬಿಟ್ಟಿರೋದು ಯುಟಿಲಿಟಿಯೊಳಕ್ಕೆ. ಚಿಮ್ನಿ ಹಾಕಿದಾಗ ಯುಟಿಲಿಟಿ ಬರೀ ಗ್ರಿಲ್ ಇರೋ ತೆರೆದ ಜಾಗ ಆಗಿತ್ತಂತೆ, ಆಗ ಅದು ಸರಿಯೇ. ಆಮೇಲೆ ಮಳೆ ನೀರು ಬಡಿಯುತ್ತೆ, ಪಾರಿವಾಳ ಬರುತ್ತೆ ಅಂತ ಮಾಲೀಕರು ಗಾಜಿನ ಸ್ಲೈಡಿಂಗ್ ಹಾಕಿಸಿದರು. ಪೈಪ್ ಅಲ್ಲೇ ಉಳೀತು. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿರೋರು ಈಗಲೇ ಎದ್ದು ಹೋಗಿ ನೋಡಿ, ನಾನು ಕಾಯ್ತೀನಿ. ಆಮೇಲೆ ನನ್ನ ಗೆಳೆಯರ ಮನೆಗಳಲ್ಲಿ ಇಣುಕಿದೆ, ನಮ್ಮದೊಂದೇ ಹೀಗಲ್ಲ.

ಅಂದ್ರೆ ನಡೆದದ್ದು ಇಷ್ಟು. ಗಾಜು ಮುಚ್ಚಿದ ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಉರೀತಾ ಇದೆ. ಅದು ಸಣ್ಣ ಬೆಂಕಿ ಅಲ್ಲ. ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಬಿಸಿ ಮಾಡೋಕೆ 10 ಕಿಲೋವ್ಯಾಟ್‌ಗಿಂತ ಹೆಚ್ಚು ಶಾಖ ಬೇಕು. ಸ್ಟೌನ ದೊಡ್ಡ ಬರ್ನರ್ ಎರಡೂವರೆ, ಮೂರು ಕಿಲೋವ್ಯಾಟ್. ನಾಲ್ಕು ಬರ್ನರ್ ಒಟ್ಟಿಗೆ ಉರಿಸಿದ ಹಾಗೆ. ಹೊಸ ಗಾಳಿ ಇಲ್ಲ, ಹಾಗಾಗಿ ಗೀಸರ್ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳ್ಕೊಳ್ಳುತ್ತೆ. ಆಮ್ಲಜನಕ ಕಮ್ಮಿ ಆದ ಹಾಗೆ ಅನಿಲ ಪೂರ್ತಿ ಉರಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಇತ್ತ ಚಿಮ್ನಿ ಅಡುಗೆಮನೆಯ ಗಾಳಿಯನ್ನ ಯುಟಿಲಿಟಿಗೆ ತಳ್ತಾ ಇದೆ, ಯುಟಿಲಿಟಿಯ ಗಾಳಿ ಬಾಗಿಲ ಸಂದಿಯಿಂದ ಅಡುಗೆಮನೆಗೆ ವಾಪಸ್ ಬರ್ತಾ ಇದೆ. ಹೊರಗೆ ಹೋಗೋದು ಅಂತ ಏನೂ ಇಲ್ಲ. ಬರೀ ಒಂದು ಸುತ್ತು. ಆ ಸುತ್ತಿನ ಮಧ್ಯೆ ಅಮ್ಮ ನಿಂತಿದ್ರು.

ಗೀಸರ್ ರಿಪೇರಿ ಮಾಡೋ ಅಣ್ಣ ಬಂದು ಬರ್ನರ್ ಬಿಚ್ಚಿ ತೋರಿಸಿದರು. ಎರಡು ವರ್ಷ ಚಿಮ್ನಿ ಉಗುಳಿದ ಎಣ್ಣೆ ಜಿಡ್ಡು, ಅದಕ್ಕೆ ವಾಷಿಂಗ್ ಮೆಷಿನ್ ಕಡೆಯ ಬಟ್ಟೆ ಧೂಳು ಅಂಟಿ, ಗಾಳಿ ಹೋಗೋ ತೂತುಗಳೇ ಅರ್ಧ ಮುಚ್ಚಿಹೋಗಿದ್ದವು. "ನೀಲಿ ಉರಿ ಬರ್ತಿತ್ತಾ ಮೇಡಂ, ಹಳದಿನಾ?" ಅಂತ ಕೇಳಿದರು. ನಾನು ನೋಡೇ ಇರಲಿಲ್ಲ. ಉರಿ ಹಳದಿ ಆಗಿದೆ, ಪಾತ್ರೆ ತಳಕ್ಕೆ ಮಸಿ ಹಿಡೀತಿದೆ ಅಂದ್ರೆ ಅದು ಸ್ಟೌ ಆಗಲಿ ಗೀಸರ್ ಆಗಲಿ, ಅನಿಲ ಸರಿಯಾಗಿ ಉರೀತಿಲ್ಲ ಅಂತ ಅರ್ಥ.

ಹಾಗಾಗಿ ಚಿಮ್ನಿ ಹಾಕಿಸೋರಿಗೆ, ಈಗಾಗಲೇ ಇರೋ ಮನೆಗೆ ಬಾಡಿಗೆಗೆ ಹೋಗೋರಿಗೆ, ನನ್ನ ಕಡೆಯಿಂದ ಎರಡೇ ಪ್ರಶ್ನೆ. ಗಾಳಿ ಎಲ್ಲಿಗೆ ಹೋಗ್ತಿದೆ? ಎಲ್ಲಿಂದ ಬರ್ತಿದೆ? ಬ್ರ್ಯಾಂಡ್, ಟಚ್ ಬಟನ್, ಕೈ ಬೀಸಿದ್ರೆ ಆನ್ ಆಗೋದು, ಅದೆಲ್ಲ ಆಮೇಲೆ.

ಇದನ್ನ ನೋಡೋಕೆ ಉಪಕರಣ ಬೇಡ, ಒಂದು ಊದುಬತ್ತಿ ಸಾಕು. ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಸ್ಟೌ, ಗೀಸರ್ ಎರಡೂ ಆರಿಸಿ, ಕಿಟಕಿ ಬಾಗಿಲು ನೀವು ದಿನಾ ಇಡೋ ಹಾಗೇ ಇಟ್ಟು ಚಿಮ್ನಿ ಜೋರಾಗಿ ಹಾಕಿ. ಊದುಬತ್ತಿ ಹಚ್ಚಿ ಒಂದೊಂದೇ ಸಂದಿಯ ಹತ್ತಿರ ಹಿಡೀರಿ. ಹೊಗೆ ಒಳಗಡೆಗೆ ಬಾಗಿದ್ರೆ ಅಲ್ಲಿಂದ ಗಾಳಿ ಬರ್ತಿದೆ ಅಂತ. ಬಚ್ಚಲುಮನೆ ಬಾಗಿಲಿಂದ ಬರ್ತಿದ್ದು ಅಲ್ಲೇ ಗ್ಯಾಸ್ ಗೀಸರ್ ಇದ್ರೆ, ಅವತ್ತೇ ಏನಾದ್ರೂ ಮಾಡಿ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇರೋದೇ ತಪ್ಪು, ಚಿಮ್ನಿ ಇರಲಿ ಬಿಡಲಿ. ಸ್ನಾನಕ್ಕೆ ಹೋದೋರು ಹೊರಗೆ ಬರಲಿಲ್ಲ ಅನ್ನೋ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ನೀವೂ ಓದಿರ್ತೀರಿ.

ಇನ್ನು ಹಾಕಿಸೋ ವಿಷಯ. ಪೈಪ್ ನೇರವಾಗಿ ಬಯಲಿಗೆ ಹೋಗಬೇಕು. ಮುಚ್ಚಿದ ಯುಟಿಲಿಟಿಗಲ್ಲ, ಲಾಫ್ಟ್‌ಗಲ್ಲ, ಫಾಲ್ಸ್ ಸೀಲಿಂಗ್ ಒಳಕ್ಕಂತೂ ಅಲ್ಲವೇ ಅಲ್ಲ. ಫಾಲ್ಸ್ ಸೀಲಿಂಗ್ ಒಳಗೆ ಬಿಟ್ಟರೆ ವೈರ್‌ಗಳ ಮೇಲೆ ದಿನಾ ಎಣ್ಣೆ ಸಿಂಪಡಿಸಿದ ಹಾಗೆ. ಕೆಲವು ಕಟ್ಟಡಗಳಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಶಾಫ್ಟ್ ಇರುತ್ತೆ. ಅಲ್ಲಿ ವಾಪಸ್ ಗಾಳಿ ತಡೆಯೋ ರೆಕ್ಕೆ, ಅಂದ್ರೆ ಫ್ಲ್ಯಾಪ್, ಇಲ್ಲದಿದ್ರೆ ಕೆಳಗಿನ ಮನೆಯ ಮೀನು ಸಾರು ನಿಮ್ಮ ಮನೆಗೆ ಕರೆಯದೇ ಬರುತ್ತೆ. ಮೀನು ಸಾರಾದ್ರೆ ಪರವಾಗಿಲ್ಲ ಅನ್ನಬಹುದು, ಬೇರೆ ಹೊಗೆಯೂ ಅದೇ ದಾರೀಲಿ ಬರುತ್ತೆ.

ಪೈಪಿನ ಗಾತ್ರದಲ್ಲಿ ತುಂಬಾ ಮೋಸ ಹೋಗ್ತೀವಿ. ಹೆಚ್ಚಿನ ಚಿಮ್ನಿಗಳ ಬಾಯಿ 6 ಇಂಚು. ಗೋಡೆಯಲ್ಲಿ ಮೊದಲೇ 4 ಇಂಚಿನ ತೂತು ಇದೆ ಅಂತ ರೆಡ್ಯೂಸರ್ ಹಾಕಿ 4 ಇಂಚಿನ ಪೈಪ್ ಸೇರಿಸ್ತಾರೆ. ಎರಡೇ ಇಂಚು ತಾನೇ ಅನ್ಸುತ್ತೆ. ಆದರೆ ದಾರಿಯ ಅಗಲ ಅರ್ಧಕ್ಕಿಂತ ಕಮ್ಮಿ ಆಗುತ್ತೆ, ಅಷ್ಟೇ ಗಾಳಿ ತಳ್ಳೋಕೆ ಏಳೂವರೆ ಪಟ್ಟು ಹೆಚ್ಚು ಒತ್ತಡ ಬೇಕಾಗುತ್ತೆ. ಮೋಟಾರ್ ಅಷ್ಟು ಒತ್ತಲ್ಲ, ಸುಮ್ನೆ ಕೂಗುತ್ತೆ. ಸದ್ದು ಜಾಸ್ತಿ, ಕೆಲಸ ಕಮ್ಮಿ. ದೊಡ್ಡ ಚಿಮ್ನಿ ತಗೊಂಡು ಸಣ್ಣ ಪೈಪ್ ಹಾಕೋದಕ್ಕಿಂತ ಸಣ್ಣ ಚಿಮ್ನಿಗೆ ಸರಿಯಾದ ಪೈಪ್ ಹಾಕೋದು ಎಷ್ಟೋ ಮೇಲು. ಗೋಡೆ ತೂತು ದೊಡ್ಡದು ಮಾಡಿಸೋಕೆ ಖರ್ಚಾಗುತ್ತೆ, ಮಾಡಿಸಿ.

ಪೈಪ್ ಚಿಕ್ಕದಾಗಿರಬೇಕು, ತಿರುವು ಕಮ್ಮಿ ಇರಬೇಕು. ಅಕಾರ್ಡಿಯನ್ ಥರ ಎಳೆಯೋ ಅಲ್ಯೂಮಿನಿಯಂ ಪೈಪ್ ಹಾಕಿದ್ರೆ ಪೂರ್ತಿ ಎಳೆದು ಬಿಗಿಯಾಗಿ ಹಾಕಿಸಿ. ಜೋಲು ಬಿಟ್ಟ ಕಡೆ ಎಣ್ಣೆ ನಿಲ್ಲುತ್ತೆ, ಕೆರೆಯಲ್ಲಿ ನೀರು ನಿಂತ ಹಾಗೆ. ಪ್ಲಂಬರ್ ಹತ್ತಿರ ಉಳಿದಿದೆ ಅಂತ ಪಿವಿಸಿ ಪೈಪ್ ಹಾಕೋಕೆ ಬಿಡಬೇಡಿ. ಅದು 80 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತೆ, ಬೆಂಕಿ ಒಳಗೆ ಹೋದ್ರಂತೂ ಕೇಳೋದೇ ಬೇಡ. ಹೊರಗಿನ ತುದಿಗೆ ರೆಕ್ಕೆ ಇರೋ ಮುಚ್ಚಳ ಹಾಕಿಸಿ. ಇಲ್ಲದಿದ್ರೆ ಪಾರಿವಾಳ ಗೂಡು ಕಟ್ಟುತ್ತೆ. ಒಣ ಕಡ್ಡಿ, ಪುಕ್ಕ, ಅದರ ಮೇಲೆ ಎಣ್ಣೆ ಜಿಡ್ಡು. ಬೆಂಕಿ ಹಚ್ಚೋಕೆ ಇದಕ್ಕಿಂತ ಒಳ್ಳೆ ಒಲೆ ಬೇಕಾ?

ಎತ್ತರ: ಗ್ಯಾಸ್ ಸ್ಟೌಗೂ ಚಿಮ್ನಿಯ ಕೆಳಗಿನ ಅಂಚಿಗೂ ಸಾಮಾನ್ಯವಾಗಿ 65ರಿಂದ 75 ಸೆಂಟಿಮೀಟರ್. ನಿಮ್ಮ ಚಿಮ್ನಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ರೆ ಅದೇ ಅಂತಿಮ. ಮನೆಯಲ್ಲಿ ಎತ್ತರದವರಿಗೆ ತಲೆ ತಾಗುತ್ತೆ ಅಂತ ಮೇಲೆ ಏರಿಸಿದ್ರೆ ಹೊಗೆ ಪಕ್ಕಕ್ಕೆ ಜಾರಿಕೊಳ್ಳುತ್ತೆ, ಕೆಳಗೆ ಇಳಿಸಿದ್ರೆ ಉರಿ ಫಿಲ್ಟರ್ ಮುಟ್ಟುತ್ತೆ. ಅಗಲ ಸ್ಟೌನಷ್ಟಾದ್ರೂ ಇರಬೇಕು. ಪ್ಲಗ್ ಅರ್ತ್ ಇರೋ ಮೂರು ಪಿನ್ನಿನದು, ಸ್ಟೌನ ಉರಿ, ಹಬೆ ತಾಗದ ಜಾಗದಲ್ಲಿ. ಮಿಕ್ಸಿ ಜೊತೆ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸಬೇಡಿ.

ಇಲ್ಲೊಂದು ಮಾತು. ಹೊಗೆಗೆ ದಾರಿ ಬೇಕು ಅನ್ನೋದು ನಮ್ಮ ಹಳೇ ಮನೆಗಳಿಗೆ ಗೊತ್ತಿತ್ತು. ಒಲೆ ಮೇಲೆ ಹೆಂಚಿನ ಸಂದಿ, ಗೋಡೆ ಮೇಲ್ಗಡೆ ಗವಾಕ್ಷಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ಶುರು ಮಾಡಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯಲ್ಲೂ ಹೊಗೆ ಕೊಳವೆ ಇತ್ತು. ಮೋಟಾರ್ ಇಲ್ಲ, ಕರೆಂಟ್ ಇಲ್ಲ. ಬಿಸಿ ಗಾಳಿ ಹಗುರ, ತಾನಾಗಿ ಮೇಲೆ ಹೋಗುತ್ತೆ, ಅಷ್ಟೇ. ನಮ್ಮ ಅಜ್ಜಿ ಮನೆಯಲ್ಲಿ ಅಂಥದ್ದೊಂದಿತ್ತು. ವರ್ಷಕ್ಕೆ ಎರಡು ಸಲ ತಾತ ಕೊಳವೆ ಮಸಿ ಕೆರೆದು ತೆಗೀತಿದ್ದರು, ಇಲ್ಲದಿದ್ರೆ ಹೊಗೆ ಮನೆಗೇ ತಿರುಗುತ್ತೆ ಅಂತ. ನಾನು ಎರಡು ವರ್ಷದಲ್ಲಿ ಒಂದ್ಸಲ ಪೈಪ್ ನೋಡಲಿಲ್ಲ.

ಬಾಡಿಗೆ ಮನೆಯವರ ಕಷ್ಟ ನನಗೆ ಗೊತ್ತು. ಗೋಡೆ ಕೊರೆಯೋಕೆ ಮಾಲೀಕರು ಬಿಡಲ್ಲ. ಆಗ ಅಂಗಡಿಯವರು ತೋರಿಸೋದು ಪೈಪ್ ಇಲ್ಲದ ಡಕ್ಟ್‌ಲೆಸ್ ಚಿಮ್ನಿ. ಅದು ಗಾಳಿಯನ್ನ ಎಳೆದು, ಇದ್ದಿಲಿನ ಫಿಲ್ಟರ್‌ನಲ್ಲಿ ಸೋಸಿ, ಅಡುಗೆಮನೆಗೇ ವಾಪಸ್ ಬಿಡುತ್ತೆ. ಜಿಡ್ಡು, ವಾಸನೆ ಕಮ್ಮಿ ಆಗುತ್ತೆ, ನಿಜ. ಆದರೆ ಶಾಖ, ಹಬೆ, ಕಾರ್ಬನ್ ಮೊನಾಕ್ಸೈಡ್ ಹಾಗೇ ಉಳಿಯುತ್ತೆ. ಇದ್ದಿಲಿನ ಫಿಲ್ಟರ್ ಸಾಮಾನ್ಯವಾಗಿ ತೊಳೆದು ಬಳಸೋಕೆ ಬರಲ್ಲ; ಬಳಕೆ ನೋಡ್ಕೊಂಡು ಮೂರರಿಂದ ಆರು ತಿಂಗಳಿಗೆ ಹೊಸದು ಹಾಕಬೇಕು. ಹೊರಗೆ ಪೈಪ್ ಬಿಡೋಕೆ ಆಗೋದೇ ಇಲ್ಲ ಅಂದ್ರೆ ನಾನು ಅದಕ್ಕೆ ದುಡ್ಡು ಹಾಕಲ್ಲ. ಕಿಟಕಿಯ ಒಂದು ಗಾಜು ತೆಗೆದು ಅಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸ್ತೀನಿ. ನೋಡೋಕೆ ಚೆಂದ ಇಲ್ಲ, ರೀಲ್‌ನಲ್ಲಿ ಹಾಕೋ ಥರ ಇಲ್ಲ, ಆದರೆ ಗಾಳಿ ಹೊರಗೆ ಹೋಗುತ್ತೆ. ಮನೆ ಬಿಡುವಾಗ ಗಾಜು ವಾಪಸ್ ಹಾಕಿದ್ರೆ ಆಯ್ತು.

ಇಷ್ಟೆಲ್ಲ ಯಾಕೆ, ಚಿಮ್ನಿನೇ ಬೇಡ ಅನ್ನೋರೂ ಇದ್ದಾರೆ. ಅದಕ್ಕೂ ನಾನು ಒಪ್ಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೆಚ್ಚು ಶಾಖದಲ್ಲಿ ಕರಿಯುವಾಗ ಬರೋ ಹೊಗೆಯನ್ನ 'ಬಹುಶಃ ಕ್ಯಾನ್ಸರ್‌ಕಾರಕ' ಅನ್ನೋ ಗುಂಪಿಗೆ ಸೇರಿಸಿದೆ. ಗ್ಯಾಸ್ ಉರಿಯಿಂದಲೇ ನೈಟ್ರೋಜನ್ ಡೈಆಕ್ಸೈಡ್ ಬರುತ್ತೆ, ಆಸ್ತಮಾ ಇರೋ ಮಕ್ಕಳಿಗೆ ಅದು ಆಗಲ್ಲ. ಹೊಗೆ ಹೊರಗೆ ಹೋಗಲೇಬೇಕು.

ಬಳಸೋದು ಸುಲಭ. ಬಾಣಲೆ ಕಾಯೋಕೆ ಇಡುವಾಗಲೇ ಚಿಮ್ನಿ ಹಾಕಿ. ಘಾಟು ಎದ್ದ ಮೇಲೆ ಓಡಿ ಬಂದು ಹಾಕಿದ್ರೆ ಅರ್ಧ ಹೊಗೆ ಆಗಲೇ ಹಾಲ್‌ನಲ್ಲಿರುತ್ತೆ. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಓಡಲಿ. ಕರಿಯೋದು, ಹುರಿಯೋದು ಹಿಂದಿನ ಬರ್ನರ್ ಮೇಲೆ. ಕಿಟಕಿ ಸ್ವಲ್ಪ ತೆಗೆದಿಡಿ, ಆದರೆ ಸ್ಟೌ ಪಕ್ಕದ್ದಲ್ಲ, ಎದುರುಗಡೆಯದ್ದು. ಪಕ್ಕದ ಕಿಟಕಿಯ ಗಾಳಿ ಹೊಗೆಯನ್ನ ಚಿಮ್ನಿಗೆ ಸಿಗೋಕೆ ಬಿಡಲ್ಲ. ಪಾತ್ರೆ ಇಲ್ಲದೆ ಬರ್ನರ್ ಉರಿಯೋಕೆ ಬಿಡಬೇಡಿ. ಬದನೆಕಾಯಿ ಸುಡುವಾಗ, ಚಪಾತಿ ನೇರ ಉರಿ ಮೇಲೆ ಉಬ್ಬಿಸುವಾಗ ಉರಿ ಸಣ್ಣಗಿರಲಿ.

ತೊಳೆಯೋದು ಅಷ್ಟು ಸುಲಭ ಅಲ್ಲ. ಬ್ಯಾಫಲ್ ಅಂತಾರಲ್ಲ, ಬಾಗಿದ ಸ್ಟೀಲ್ ಪಟ್ಟಿಗಳ ಫಿಲ್ಟರ್, ಅದು ನಮ್ಮ ಅಡುಗೆಗೆ ಸರಿ. ಗಾಳಿ ತಿರುಗಿ ಹೋಗುತ್ತೆ, ಎಣ್ಣೆ ಹನಿ ತಿರುಗಲಾರದೆ ಪಟ್ಟಿಗೆ ಬಡಿದು ಅಂಟುತ್ತೆ. ದಿನಾ ಒಗ್ಗರಣೆ, ವಾರಕ್ಕೆರಡು ಸಲ ಕರಿಯೋದು ಇದ್ರೆ ಹದಿನೈದು ದಿನಕ್ಕೊಮ್ಮೆ ತೆಗೀರಿ. ಮೊದಲು ಪ್ಲಗ್ ಕೀಳಿ. ಬಿಸಿ ನೀರು, ಪಾತ್ರೆ ತೊಳೆಯೋ ಲಿಕ್ವಿಡ್, ಒಂದು ಹಿಡಿ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ ಬ್ರಷ್‌ನಲ್ಲಿ ಉಜ್ಜಿ. ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ. ಅಲ್ಯೂಮಿನಿಯಂ ಜಾಲರಿ ಇದ್ರೆ ಬಟ್ಟೆ ಸೋಡಾ, ಕಾಸ್ಟಿಕ್ ಹಾಕಬೇಡಿ, ಲೋಹವನ್ನೇ ತಿನ್ನುತ್ತೆ. ಮೋಟಾರ್ ಕಡೆಗೆ ನೀರು ಚಿಮುಕಿಸಬೇಡಿ.

"ನಮ್ಮದು ಆಟೋ ಕ್ಲೀನ್, ತೊಳೆಯೋ ಗೋಜೇ ಇಲ್ಲ" ಅನ್ನೋರಿಗೆ: ಆಟೋ ಕ್ಲೀನ್ ಗುಂಡಿ ಒತ್ತಿದ್ರೆ ಒಳಗಿನ ಹೀಟರ್ ಬಿಸಿಯಾಗಿ ಬ್ಲೋವರ್ ಸುತ್ತ ಅಂಟಿದ ಎಣ್ಣೆ ಕರಗಿ ಕೆಳಗಿನ ಬಟ್ಟಲಿಗೆ ಇಳಿಯುತ್ತೆ. ಆ ಬಟ್ಟಲನ್ನ ನೀವೇ ತೆಗೆದು ಚೆಲ್ಲಬೇಕು. ಪೈಪಿನೊಳಗಿನ ಎಣ್ಣೆಗೆ ಆ ಗುಂಡಿ ಏನೂ ಮಾಡಲ್ಲ. ವರ್ಷಕ್ಕೊಂದ್ಸಲ ಪೈಪ್ ಬಿಚ್ಚಿಸಿ ನೋಡಲೇಬೇಕು. ಸರ್ವಿಸ್‌ಗೆ ಬಂದವರು ಮುಂಭಾಗ ಒರೆಸಿ ಹೊಳಪು ಮಾಡಿ ಹೋಗ್ತಾರೆ. ನೀವು ಎದುರಿಗೆ ನಿಂತು "ಪೈಪ್ ಬಿಚ್ಚಿ ಅಣ್ಣ, ನಾನೂ ನೋಡ್ತೀನಿ" ಅನ್ನಿ. ಚಿಮ್ನಿಯಿಂದ ಎಣ್ಣೆ ಹನಿ ಸ್ಟೌ ಮೇಲೆ ತೊಟ್ಟಿಕ್ಕೋಕೆ ಶುರುವಾದ್ರೆ ಅಷ್ಟರವರೆಗೂ ಕಾಯೋ ಹಾಗಿಲ್ಲ.

ಯಾಕಂದ್ರೆ ಬೆಂಕಿ. ಎಣ್ಣೆ ಬಾಣಲೆಗೆ ಬೆಂಕಿ ಹತ್ತಿದ್ರೆ ಫ್ಯಾನ್ ಆ ಉರಿಯನ್ನ ಮೇಲಕ್ಕೆ, ಜಿಡ್ಡಿನ ಕಡೆಗೇ ಎಳೆಯುತ್ತೆ. ಕೈಗೆ ಎಟುಕಿದ್ರೆ ಸ್ಟೌ ಆರಿಸಿ, ಚಿಮ್ನಿ ಆರಿಸಿ, ಬಾಣಲೆ ಮೇಲೆ ತಟ್ಟೆ ಅಥವಾ ಮುಚ್ಚಳ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗೋವರೆಗೂ ತೆಗೀಬೇಡಿ. ನೀರು ಹಾಕಲೇಬೇಡಿ. ಕಾದ ಎಣ್ಣೆಯ ಅಡಿಗೆ ಹೋದ ನೀರು ಒಂದೇ ಕ್ಷಣಕ್ಕೆ ಸಾವಿರಾರು ಪಟ್ಟು ಹಿಗ್ಗಿ ಹಬೆಯಾಗುತ್ತೆ, ಉರಿಯೋ ಎಣ್ಣೆಯನ್ನ ಸೂರಿನವರೆಗೂ ಎರಚುತ್ತೆ. ಉರಿ ಚಿಮ್ನಿಯೊಳಗೇ ಹೋಗಿದ್ರೆ ಅದು ನಿಮ್ಮ ಕೈ ಮೀರಿದ್ದು. ಆದ್ರೆ ಮೇನ್ ಸ್ವಿಚ್ ಇಳಿಸಿ, ಎಲ್ಲರನ್ನೂ ಕರ್ಕೊಂಡು ಹೊರಗೆ ಬಂದು 112ಕ್ಕೋ 101ಕ್ಕೋ ಫೋನ್ ಮಾಡಿ.

ಇನ್ನೊಂದು ತಪ್ಪು, ಇದನ್ನ ನಾನೂ ಮಾಡ್ತಿದ್ದೆ. ಗ್ಯಾಸ್ ವಾಸನೆ ಬಂದ್ರೆ ಮೊದಲು ಚಿಮ್ನಿ ಹಾಕೋದು. ಮಾಡಬೇಡಿ! ಸ್ವಿಚ್‌ನ ಒಂದು ಕಿಡಿ ಸಾಕು. ಅದೂ ಅಲ್ಲದೆ ಸಿಲಿಂಡರ್ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತೆ, ಮೇಲಿರೋ ಚಿಮ್ನಿಗೆ ಅದು ಸುಲಭಕ್ಕೆ ಸಿಗಲ್ಲ. ಪೈಪ್‌ಲೈನ್ ಅನಿಲ ಹಗುರ, ಮೇಲೇರುತ್ತೆ, ಅಂದ್ರೆ ನೇರ ಮೋಟಾರ್ ಹತ್ತಿರಕ್ಕೇ ಹೋಗುತ್ತೆ. ಎರಡರಲ್ಲೂ ಸ್ವಿಚ್ ಮುಟ್ಟೋ ಹಾಗಿಲ್ಲ, ಹಾಕೋಕೂ ಇಲ್ಲ, ಆರಿಸೋಕೂ ಇಲ್ಲ. ರೆಗ್ಯುಲೇಟರ್ ಅಥವಾ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಹೋಗಿ ಆಮೇಲೆ ಫೋನ್. ಎಲ್‌ಪಿಜಿ ಸೋರಿಕೆಗೆ ತುರ್ತು ಸಂಖ್ಯೆ 1906.

ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲವಲ್ಲ, ಅದಕ್ಕೆ ಅಲಾರಂ ಸಿಗುತ್ತೆ, ಬ್ಯಾಟರಿಯದ್ದು. ನಾನು ಈಗ ಒಂದು ಹಾಕಿದ್ದೀನಿ. ಅಲಾರಂ ಇಲ್ಲದಿದ್ರೂ ಒಂದು ಗುರುತು ಇದೆ: ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಹೊರಗೆ ಹೋದ್ರೆ ಕಮ್ಮಿ ಆಗೋದು, ಒಳಗೆ ಬಂದ್ರೆ ಮತ್ತೆ ಶುರು. ಆಗ ಕಾಫಿ ಕುಡಿದು ಮಲಗಬೇಡಿ. ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ಗ್ಯಾಸ್ ಗೀಸರ್ ಇದೆ ಅಂತ ಬಾಯಿಬಿಟ್ಟು ಹೇಳಿ. ಆಂಬುಲೆನ್ಸ್ 108.

ನಮ್ಮ ಮನೆಯಲ್ಲಿ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಮಾಲೀಕರು ಮೊದಲು "ಹತ್ತು ವರ್ಷದಿಂದ ಹೀಗೇ ಇದೆಯಮ್ಮ, ಯಾರಿಗೂ ಏನೂ ಆಗಿಲ್ಲ" ಅಂದರು. ಜಗಳ ಆಡಲಿಲ್ಲ. ಮೇಲೆ ಕರೆದು ಊದುಬತ್ತಿ ಹಚ್ಚಿ, ಚಿಮ್ನಿ ಹಾಕಿ, ಯುಟಿಲಿಟಿ ಬಾಗಿಲ ಹತ್ತಿರ ಹಿಡಿದೆ. ಹೊಗೆ ಒಂದು ಗೆರೆ ಎಳೆದ ಹಾಗೆ ಅಡುಗೆಮನೆ ಒಳಕ್ಕೆ ಬಂತು. ಅವರು ಸ್ವಲ್ಪ ಹೊತ್ತು ನೋಡ್ತಾ ನಿಂತರು. "ನಮ್ಮ ಕೆಳಗಡೆ ಮನೇಲೂ ಹೀಗೇ ಇದೆಯಲ್ಲ," ಅಂದರು. ಕೆಳಗಡೆ ಮನೆಯಲ್ಲಿ ಅವರೇ ಇರೋದು, ಸೊಸೆ, ಮೊಮ್ಮಗು.

ಒಂದು ವಾರದಲ್ಲಿ ಎರಡೂ ಮನೆಯ ಸ್ಲೈಡಿಂಗ್ ಗಾಜಿನ ಅರ್ಧ ಭಾಗ ತೆಗೆಸಿ ಪಾರಿವಾಳದ ನೆಟ್ ಹಾಕಿಸಿದರು. ಚಿಮ್ನಿ ಪೈಪ್ ಒಂದು ಮೀಟರ್ ಉದ್ದ ಮಾಡಿಸಿ ಪೂರ್ತಿ ಹೊರಗೆ ಬಿಟ್ಟರು, ತುದಿಗೆ ರೆಕ್ಕೆ ಮುಚ್ಚಳ. ಗ್ಯಾಸ್ ಗೀಸರ್ ತೆಗೆದು ಕರೆಂಟಿನದು ಹಾಕಿಸಿದ್ವಿ, ಖರ್ಚು ಅರ್ಧ ಅರ್ಧ. ಈಗ ಮಳೆ ಬಂದ್ರೆ ವಾಷಿಂಗ್ ಮೆಷಿನ್ ಮೇಲೆ ಪ್ಲಾಸ್ಟಿಕ್ ಹೊದಿಸಬೇಕು, ಅದೊಂದು ಕಿರಿಕಿರಿ.

ಹೋದ ತಿಂಗಳು ಅಮ್ಮ ಮತ್ತೆ ಬಂದಿದ್ರು, ಮೆಣಸಿನಕಾಯಿ ಮತ್ತೆ ಹುರಿದರು. ಕೆಳಗಡೆ ಮನೆಯವರು ಸೀನ್ತಾ ಮೇಲೆ ಕೂಗಿ ಕೇಳಿದರು, "ಏನು, ಹುಳಿಪುಡಿನಾ?"

ಘಾಟು ಹೊರಗೆ ಹೋಗ್ತಿದೆ. ಮುಂದಿನ ವಾರ ಸಿಗೋಣ.